ಏಳು ಮೆಟ್ಟಿಲಿನ ಕೋಟೆ

ಮಕ್ಕಳಿಗೆ ಊಟ ಮಾಡಿಸುವಾಗ ಹೇಳಿದ ಸುಳ್ಳು ಅನ್ನದ ಜೊತೆಗೇ ಅವರ ಹೊಟ್ಟೆಯಲ್ಲಿ ಕರಗಿಹೋಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಹಾಗೆ ಆಗುವುದಿಲ್ಲ. ಅನ್ನ ಕರಗುತ್ತದೆ, ಸುಳ್ಳು ಉಳಿಯುತ್ತದೆ. ಉಳಿದು, ಬೆಳೆದು, ಒಂದು ದಿನ ಬೂಟು ಹಾಕಿಕೊಂಡು ಬಂದು 'ನಡಿ ಅಜ್ಜಿ, ಆ ಕೋಟಿ ತೋರಿಸು' ಎಂದು ಕೈ ಹಿಡಿದು ಎಳೆಯುತ್ತದೆ. ನಾಲ್ಕು ಜನರ ಎದುರು ಬಾಯಿ ಬಿಡಲು ನನಗೆ ಮೊದಲಿನಿಂದಲೂ ನಾಚಿಕೆ. ಅದಕ್ಕೇ, ಮೊಮ್ಮಕ್ಕಳೇ, ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡುತ್ತಿದ್ದೇನೆ. ಓದಿ ನಗುವವರು ಹಿತ್ತಲಿಗೆ ಹೋಗಿ ನಗಬೇಕು.

ನಿಮ್ಮ ಅಜ್ಜ ಅಣಶಿ ಕಡೆಯ ಕಾಡಿನಲ್ಲಿ ವಾಚರ್ ಆಗಿದ್ದರು. ಮದುವೆಯಾದ ಹೊಸದರಲ್ಲಿ ಐದಾರು ವರ್ಷ ನಾನೂ ಅಲ್ಲಿ, ಕೋಟೆಗುಡ್ಡದ ಬುಡದ ಎರಡು ಕೋಣೆಯ ಮನೆಯಲ್ಲಿದ್ದೆ. ಗುಡ್ಡದ ತುದಿಯಲ್ಲಿ ಯಾವ ಕಾಲದ್ದೋ ಪಾಳುಕೋಟೆ, ಅದರ ಹಿಂದೆ ಕಡಿದಾದ ಬಂಡೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಹತ್ತಲಿಲ್ಲ. ನೀರು, ಕಟ್ಟಿಗೆ, ಆಡು, ಕೈಗೂಸು ಇವುಗಳ ನಡುವೆ ಹತ್ತುವುದು ಯಾವಾಗ? ಆ ಕೂಸು ಎಂದರೆ ನಿಮ್ಮಪ್ಪ. ಅನ್ನದ ತಟ್ಟೆ ಕಂಡರೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದ. ಬೇರೆ ದಾರಿ ಕಾಣದೆ, ಕಿಟಕಿಯಿಂದ ಕಾಣುವ ಆ ಕೋಟೆಯೊಳಗೆ ನಾನು ಒಬ್ಬ ರಾಣಿಯನ್ನು ಕೂರಿಸಿದೆ. ವೈರಿಗಳು ಮುತ್ತಿದಾಗ ಆ ರಾಣಿ ಆಡಿನ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾವಿಯ ಹಿಂದೆ ಬಂಡೆಯಲ್ಲಿ ಕಡಿದ ಏಳು ಗುಪ್ತ ಮೆಟ್ಟಿಲು ಇಳಿದು ಪಾರಾದಳು. ಒಂದು ತುತ್ತಿಗೆ ಒಂದು ಮೆಟ್ಟಿಲು. ತಟ್ಟೆಯ ಅನ್ನ ನನ್ನ ಕೈಯಲ್ಲಿ ಏಳು ತುತ್ತಾಗುತ್ತಿತ್ತು, ಅದಕ್ಕೇ ಏಳು. ಅದರ ಹಿಂದೆ ಬೇರೆ ಯಾವ ಇತಿಹಾಸವೂ ಇಲ್ಲ. ಮೇಲೆ ಬಾವಿ ಇದೆಯೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ. ನಿಮ್ಮ ಅಜ್ಜ ಮೂಲೆಯಲ್ಲಿ ಕೂತು ಬ್ಯಾಟರಿ ಒರೆಸುತ್ತಿದ್ದರು. ಒಂದು ದಿನವೂ ಹೂಂ ಎನ್ನಲಿಲ್ಲ. 'ನಿಂದು ಬರೇ ಹರಟಿ' ಎಂದು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು.

ಮಗನನ್ನು ಶಾಲೆಗೆ ಹಾಕಬೇಕೆಂದು ನಾನು ಹಳಿಯಾಳಕ್ಕೆ ಬಂದೆ. ಅವರು ಕಾಡಿನಲ್ಲೇ ಉಳಿದು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಕಥೆ ನನ್ನ ಜೊತೆ ಬಂತು. ಮುಂದೆ ನಿಮ್ಮಲ್ಲೇ ಲೀನಾಳಿಗೂ ಅವಳ ತಂಗಿ ರೋಜಿಗೂ ತುತ್ತು ಇಳಿಸಲು ಒದಗಿತು. 'ನಾನ ಕಣ್ಣಾರೆ ನೋಡೀನಿ' ಎಂದು ಒಂದು ಮಾತು ಸೇರಿಸಿದ್ದೇ ತಪ್ಪು. ಏಳನೇ ಇಯತ್ತೆಯ ರೋಜಿ ಅದನ್ನು ಶಾಲೆಯಲ್ಲಿ ಹೇಳಿದ್ದಾಳೆ. ಜೊತೆಯ ಹುಡುಗಿಯೊಬ್ಬಳು ಎಲ್ಲರ ಮುಂದೆ 'ಸುಳ್ಳಿ' ಎಂದಿದ್ದಾಳೆ. ಇವಳು ಅತ್ತಿದ್ದಾಳೆ, ಮೆಟ್ಟಿಲಿನ ಫೋಟೋ ತಂದು ತೋರಿಸುತ್ತೇನೆ ಎಂದು ಆಣೆ ಮಾಡಿದ್ದಾಳೆ. ದಾಂಡೇಲಿಯಲ್ಲಿ ಕೆಲಸದಲ್ಲಿರುವ ಲೀನಾ ರವಿವಾರದ ರಜೆಯನ್ನು ಇದಕ್ಕೇ ಇಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಹೊರಡುವ ಹೊತ್ತಿಗೆ ನಾನು ಬೇಕೆಂದೇ ಒಂದು ಸೀನು ಸೀನಿದೆ. ಒಂಟಿ ಸೀನು ಬಿದ್ದ ಮೇಲೆ ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲು ದಾಟಿದ್ದಿಲ್ಲ. ಆದರೆ ಒಲೆಯ ಮೇಲೆ ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ ನನ್ನ ಮೂಗನ್ನೂ ಬಿಡಲಿಲ್ಲ. ಎರಡನೆಯದು ತಾನಾಗಿಯೇ ಬಂತು. 'ಜೋಡಿ ಸೀನು, ಶುಭ. ನಡಿ ಅಜ್ಜಿ, ಹೋಗೂಣು' ಎಂದಳು ಲೀನಾ. ಬಸ್ಸಿನಲ್ಲಿ ಡಬ್ಬಿ ತೆಗೆದು ನೋಡಿ, 'ಕೋಳಿಸಾರಿನ ಮ್ಯಾಲೆ ಇದ್ದಲಿ ಯಾಕ ಇಟ್ಟೀ?' ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದಳು. ಕೋಳಿಸಾರನ್ನು ಇದ್ದಿಲ ಚೂರಿಲ್ಲದೆ ಕಾಡು ದಾಟಿಸುವವರು ಇದ್ದಾರೆಯೇ? ದೆವ್ವಕ್ಕೆ ಮೂಗಿಲ್ಲವೇ? ಇಷ್ಟು ಓದಿದ ಹುಡುಗಿಗೆ ಇಷ್ಟು ತಿಳಿಯಬೇಡವೇ?

ಗುಡ್ಡ ಹತ್ತಲು ಗೈಡು ಕಡ್ಡಾಯವಂತೆ. ದೇವಿದಾಸ ಎಂಬ, ತಲೆ ನರೆತ ಮನುಷ್ಯ ಕೋಲು ಹಿಡಿದು ಮುಂದೆ ನಡೆದ. 'ದೂರ ಐತೇನ್ರಿ?' ಎಂದು ಲೀನಾ ಕೇಳಿದ್ದಕ್ಕೆ 'ಹತ್ತ ನಿಮಿಷ' ಎಂದ. ಅರ್ಧ ತಾಸಿನ ಮೇಲೆ ಕೇಳಿದರೂ ಹತ್ತ ನಿಮಿಷ. ಇಂಬಳ ಹತ್ತಿ ಕಾಲಿನಲ್ಲಿ ರಕ್ತ ಇಳಿಯುತ್ತಿದ್ದಾಗಲೂ ಹತ್ತ ನಿಮಿಷ. ಬೇರುಗಳು ನನ್ನ ಸೀರೆಯ ಅಂಚನ್ನೇ ಹುಡುಕಿಕೊಂಡು ಬರುತ್ತಿದ್ದವು. ಲೀನಾ ಕೊಡಿಸಿದ ಬೂಟು ನನ್ನ ಕಾಲಿಗೆ ದೊಡ್ಡದು. ನಾನು ಒಂದು ಹೆಜ್ಜೆ ಇಟ್ಟರೆ ಅದು ಒಳಗೊಳಗೇ ಅರ್ಧ ಹೆಜ್ಜೆ ಹಿಂದೆ ಹೋಗುತ್ತಿತ್ತು. ತಿರುವಿನಲ್ಲಿ ಕಾಡಿನ ದೇವರಿಗೆ ಹೋಗಿಬರುವವರು ಸೊಪ್ಪಿನ ಟೊಂಗೆ ಹಾಕುವ ಕಲ್ಲುಗುಪ್ಪೆ ಸಿಕ್ಕಿತು. ನಾನೂ ಒಂದು ಟೊಂಗೆ ಮುರಿದು ಹಾಕಿ, 'ಮೇಲೆ ಒಂದು ಬಾವಿಯನ್ನಾದರೂ ಇಟ್ಟಿರು ತಾಯಿ' ಎಂದು ಕೈಮುಗಿದೆ.

ಬಾವಿ ಇತ್ತು. ಜಂಬಿಟ್ಟಿಗೆಯ ಮುರಿದ ಗೋಡೆ, ಬಾಗಿಲಿಲ್ಲದ ಬಾಗಿಲು, ಅದರಾಚೆ ಕಲ್ಲು ಕಟ್ಟಿದ ಬಾವಿ, ಅದರೊಳಗಿನಿಂದ ಎದ್ದು ನಿಂತ ಅತ್ತಿಮರ. ಬಾವಿಯ ಹಿಂದೆ ಹತ್ತು ಹೆಜ್ಜೆಗೆ ನೆಲ ಮುಗಿದು, ಬಂಡೆ ನೇರ ಕೆಳಗೆ ಇಳಿದಿತ್ತು. ಕೆಳಗೆ ಬರೀ ಮರದ ತಲೆಗಳು. ಎಷ್ಟು ಬಗ್ಗಿ ನೋಡಿದರೂ ಮೆಟ್ಟಿಲು ಮಾತ್ರ ಇಲ್ಲ. ಟೊಂಗೆ ಹಾಕುವಾಗ ಅದನ್ನೂ ಕೇಳಿಕೊಳ್ಳಬೇಕಿತ್ತು.

ರೋಜಿ ಫೋನು ಹಿಡಿದು ಬಾವಿಯನ್ನು ಮೂರು ಸುತ್ತು ಹಾಕಿದಳು. ನಾಲ್ಕನೆಯ ಸುತ್ತಿಗೆ ನನ್ನ ಎದುರು ಬಂದು ನಿಂತಳು. 'ಅಜ್ಜಿ, ಎಲ್ಲಿ ಅದಾವ? ನೀ ನೋಡೀನಿ ಅಂದಿದ್ದಿ.' ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. 'ಬಾ ಇಲ್ಲೆ, ನಿನಗೊಂದು ಮಾತು ಹೇಳೂದೈತಿ' ಎಂದು ಅವಳನ್ನು ಕಲ್ಲಿನ ಮೇಲೆ ಕೂರಿಸಿಕೊಂಡೆ. ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ದೇವಿದಾಸ ತಂಬಾಕು ಉಗುಳಿ ಬಂದು, 'ಮೆಟ್ಟಲಾ? ಮಳಿಗಾಲದಾಗ ಬಂಡಿ ಕುಸಿದು ಹೋದ್ವು, ಮಗಾ. ಇದ ಜಾಗಾದಾಗ ರಾಣಿ ಇಳಿದಿದ್ಲು, ಆಡಿನ ಮರಿ ಕಂಕಳಾಗ ಇಟ್ಕೊಂಡು' ಎಂದ.

ನಾನು ಕಟ್ಟಿದ ಕಥೆ ಇವನ ಬಾಯಿಗೆ ಹೇಗೆ ಬಂತು?

'ನಿಮಗ ಯಾರು ಹೇಳಿದ್ರು?' ಎಂದಳು ಲೀನಾ.

'ನಮ್ಮ ಹಳೇ ವಾಚರ್ ಮಾಮಾ. ನಾ ಕೆಲಸಕ್ಕ ಸೇರಿದಾಗ ಅವರ ಕಲಿಸಿದ್ದು. ಬಂದ ಸಾಹೇಬರಿಗೆಲ್ಲಾ ಇದ ಕಥಿ ಹೇಳ್ತಿದ್ರು. ಮಾತು ಕಮ್ಮಿ, ಖರೆ ಮನಷ್ಯಾ. ಒಂದು ಸುಳ್ಳು ಆಡಿದವರಲ್ಲ.'

'ಹಳಿಯಾಳದವರೇನು?' ಲೀನಾಳ ದನಿ ಸಣ್ಣಗಾಗಿತ್ತು. 'ಬಲಗಡೆ ಹುಬ್ಬಿನ ಮ್ಯಾಲೆ ಗಾಯದ ಗುರುತು ಇತ್ತೇನು?'

'ಹೌದು. ನಿಮಗ ಹೆಂಗ ಗೊತ್ತು?'

'ಅವ್ರು ನಮ್ಮಜ್ಜ' ಎಂದಳು ರೋಜಿ.

ದೇವಿದಾಸ ತಲೆಯ ಮೇಲಿನ ಟೋಪಿ ತೆಗೆದ. ನನ್ನನ್ನು ಈಗಷ್ಟೇ ಕಂಡವನಂತೆ ಕೈಮುಗಿದು, 'ಹಂಗಾರ ನಿಮಗ ಎಲ್ಲಾ ಗೊತ್ತಿರ್ತೈತಿ ಅವ್ವಾ. ನೀವ ಹೇಳ್ರಿ ಹುಡುಗ್ಯಾರಿಗೆ, ಖರೆ ಹೌದಲ್ರಿ?' ಎಂದ. ಮೂರೂ ಜನ ನನ್ನ ಮುಖ ನೋಡಿದರು. ಗೋಡೆಯ ಕಡೆ ಹೊರಳಿ ಮಲಗಿದ ಮನುಷ್ಯ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದ; ಕೇಳಿಸಿಕೊಂಡು, ಕಾಡಿನಲ್ಲಿ ಒಬ್ಬನೇ ಇದ್ದ ಕಾಲದಲ್ಲಿ ಊರಿಗೆಲ್ಲ ಹಂಚಿದ್ದ. ನನಗೆ ಮಾತ್ರ ಬರೇ ಹರಟಿ ಎಂದಿದ್ದ. ಈಗ ನಾನು ಸತ್ಯ ಹೇಳಿದರೆ, ತೀರಿಕೊಂಡ ಮೇಲೆ ಸುಳ್ಳುಗಾರರಾಗುವವರು ಅವರು.

'ಖರೆ' ಎಂದೆ. 'ಏಳು ಮೆಟ್ಟಲಾ ಇದ್ವು.'

'ಏಳಲ್ಲ ಅವ್ವಾ, ಹನ್ನೊಂದು' ಎಂದ ದೇವಿದಾಸ.

'ಏಳು.'

'ಹನ್ನೊಂದ್ರಿ. ನೀವು ಮರ್ತೀರಿ. ಮಾಮಾ ಬೆರಳು ಮಡಚಿ ಎಣಿಸಿ ಹೇಳ್ತಿದ್ರು.'

ರೋಜಿ ಅವನನ್ನು ಬಾವಿಯ ಮುಂದೆ ನಿಲ್ಲಿಸಿ, ಹನ್ನೊಂದೂ ಮೆಟ್ಟಿಲಿನ ಕಥೆ ಹೇಳಿಸಿ ಫೋನಿನಲ್ಲಿ ವಿಡಿಯೋ ಹಿಡಿದಳು. ನಾನು ಇಳಿಯುವ ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಇಳಿದೆ. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿಕೊಳ್ಳದ ಮನುಷ್ಯ, ನನ್ನನ್ನು ಕೇಳದೆ ನನ್ನ ಕಥೆಗೆ ನಾಲ್ಕು ಮೆಟ್ಟಿಲು ಹಾಕಿಕೊಳ್ಳುವುದೆಂದರೇನು?

ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ನೆನಪಾಯಿತು. ಆ ಗುಡ್ಡದ ಬುಡದಲ್ಲಿ ನಾನೊಮ್ಮೆ ಜ್ವರ ಬಂದು ಹದಿನೈದು ದಿನ ಎದ್ದಿರಲಿಲ್ಲ. ಆಗ ನಿಮ್ಮಪ್ಪನಿಗೆ ಉಣಿಸಿದವರು ಅವರೇ. ಕೂಸಿನ ಗಂಟಲಿಗೆ ಸಿಕ್ಕೀತೆಂದು ಹೆದರಿ ಸಣ್ಣ ಸಣ್ಣ ತುತ್ತು ಮಾಡುತ್ತಿದ್ದರು. ಅದೇ ತಟ್ಟೆ, ಅದೇ ಅನ್ನ. ಆ ದೊಡ್ಡ ಕೈಯಲ್ಲಿ ಹನ್ನೊಂದು ತುತ್ತಾಗಿರಬೇಕು.

ಇರಲಿ. ಕಟ್ಟಿದ್ದು ನಾನು, ರಾಣಿ ನನ್ನವಳು, ಆಡು ನನ್ನದು. ಯಾರು ಏನೇ ಹೇಳಲಿ, ಇಲ್ಲದ ಆ ಮೆಟ್ಟಿಲುಗಳು ಏಳೇ ಇದ್ದವು.