ಹುಸೇನಬಿಯ ಆಡು ಸಿತಾರಾ ಅವರಿಗೆ, ಜ್ವರ ಬಾರದ ಕೂಸಿನ ಕಾಕಾ ಸಲ್ಲಿಸುವ ತಕರಾರು

ಹಳೇ ಹುಬ್ಬಳ್ಳಿ,
ಜೂನ್ ೧೯೬೧

ನಮ್ಮ ಓಣಿಯ ಸಮಸ್ತ ಬೇಲಿಗಳ ಶತ್ರುವೂ, ಹೆಣ್ಣಾಗಿದ್ದೂ ಗಡ್ಡದ ಗೌರವವನ್ನು ಬಿಟ್ಟುಕೊಡದ ಧೀರೆಯೂ, ಹಣೆಯ ಬಿಳಿಯ ಚುಕ್ಕೆಯಿಂದ ಹಾಡುಹಗಲಿನಲ್ಲಿಯೂ ನಕ್ಷತ್ರದಂತೆ ಬೆಳಗುವವರೂ, ತಮ್ಮ ಎರಡು ಮರಿಗಳಿಗೆ ತಾಯಿಯೂ, ಅಕ್ಕಪಕ್ಕದ ಮನೆಗಳ ಕಾಯಿಪಲ್ಲೆಗೆ ಭಾಗೀದಾರರೂ ಆದ ಶ್ರೀಮತಿ ಸಿತಾರಾ ಅವರ ನಾಲ್ಕೂ ಗೊರಸುಗಳ ಸನ್ನಿಧಿಗೆ, ಒಂದೇ ಅಂಗಳದ ಆಚೆ ಬದಿಯ ಉಡಚಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬಲು ಕಾರಣವೂ ಉಂಟು. ಇಂದು ಮುಂಜಾನೆ ನಮ್ಮ ಮೆಂತ್ಯೆಯ ಮಡಿಯಲ್ಲಿ ಒಂದು ಎಲೆಯೂ ಕಾಣಲಿಲ್ಲ. ಇತ್ತ ನಾವೂ ಕ್ಷೇಮವಾಗಿದ್ದೇವೆ. ನನ್ನ ತಕರಾರು ಇರುವುದೇ ಅಲ್ಲಿ.

ನನ್ನ ಅಣ್ಣ ಗೋವಿಂದಪ್ಪನ ಮಗಳು ಗುಡ್ಡವ್ವ, ಈಗ ಎರಡೂವರೆ ವರ್ಷದವಳು, ತಮಗೆ ಚೆನ್ನಾಗಿ ಗೊತ್ತಿದ್ದವಳೇ. ತಮ್ಮ ಕಿವಿ ಹಿಡಿದು ಎದ್ದು ನಿಂತು, ತಮ್ಮ ಬಾಲ ಹಿಡಿದು ನಡೆಯಲು ಕಲಿತು, ರೊಟ್ಟಿಯ ಚೂರನ್ನು ತನಗೊಂದು ತುತ್ತು ತಮಗೊಂದು ತುತ್ತು ಎಂದು ನ್ಯಾಯವಾಗಿ ಹಂಚಿ ತಿನ್ನುವ ಈ ಕೂಸು, ಹುಟ್ಟಿದಾಗಿನಿಂದ ಒಮ್ಮೆಯೂ ಜ್ವರ ಬಂದು ಮಲಗಿದ್ದನ್ನು ಕಂಡವರಿಲ್ಲ. ಮಳೆಗಾಲ ಬಂತೆಂದರೆ ಕೆಮ್ಮು ನೆಗಡಿಗಳು ಓಣಿಯ ತುದಿಯಿಂದ ಮನೆ ಮನೆಯ ಕದ ಬಡಿಯುತ್ತಾ ಬರುತ್ತವೆ. ನಮ್ಮ ಅಂಗಳದ ಬಾಗಿಲಲ್ಲಿ ಕ್ಷಣ ನಿಂತು, ಒಳಗೆ ತಮ್ಮ ಗಡ್ಡವನ್ನು ನೋಡಿ, ವಿಳಾಸ ತಪ್ಪಿತೇನೋ ಎಂಬಂತೆ ಮುಂದಿನ ಮನೆಗೆ ಹೋಗಿಬಿಡುತ್ತವೆ. ಬೇರೆ ಮಕ್ಕಳು ಕಂಬಳಿ ಹೊದ್ದು, ಹಾಲಿನಲ್ಲಿ ಅದ್ದಿದ ಬ್ರೆಡ್ಡು ತಿನ್ನುತ್ತಾ ರಾಜರಂತೆ ಮಲಗಿರುವಾಗ, ನಮ್ಮ ಗುಡ್ಡವ್ವ ಮಳೆನೀರಿನ ಕುಣಿಯಲ್ಲಿ ಕುಳಿತು ಕೆಸರಿನ ಹೋಳಿಗೆ ಮಾಡುತ್ತಿರುತ್ತಾಳೆ, ಮತ್ತು ಅದರ ರುಚಿ ನೋಡುವ ಗೌರವವನ್ನು ತಮಗೇ ಮೊದಲು ಕೊಡುತ್ತಾಳೆ.

ಇದರಿಂದ ಉಡಚಪ್ಪನಿಗೇನು ನಷ್ಟವೆಂದು ತಾವು ಮೆಲುಕು ಹಾಕುತ್ತಾ ಕೇಳಬಹುದು. ಸಾವಧಾನದಿಂದ ಕೇಳೋಣವಾಗಲಿ.

ನಮ್ಮ ವೈನಿ ಕಸ್ತೂರೆವ್ವ, ಅಂದರೆ ಗುಡ್ಡವ್ವನ ತಾಯಿ, ಓದು ಬಲ್ಲವಳು. ಧಾರವಾಡಕ್ಕೆ ಹೋಗಿ, ಅಲ್ಲಿಯ ವಸತಿಯಲ್ಲಿದ್ದು, ಟ್ರೇನಿಂಗ್ ಮುಗಿಸಿ, ಸಾಲಿಯ ಅಕ್ಕೋರಾಗಬೇಕೆಂಬುದು ಆಕೆಯ ಬಹಳ ದಿನದ ಆಸೆ. ಹೋದ ವರ್ಷ ಮಿರಗದ ಮಳೆ ಹಿಡಿದ ಹೊತ್ತಿಗೆ ಆಕೆ ಈ ಮಾತು ತೆಗೆದಾಗ ಅಣ್ಣ ಬೇಡವೆನ್ನಲಿಲ್ಲ. ಅವನು ರೈಲ್ವೆ ಆಫೀಸಿನ ಕ್ಲಾರ್ಕು, ಬೇಡ ಎನ್ನಬೇಕಾದಲ್ಲಿ ಶರತ್ತು ಹಾಕುವುದನ್ನು ಅಲ್ಲಿಯೇ ಕಲಿತಿದ್ದಾನೆ. "ನೋಡು, ಈ ಮಳಿಗಾಲ ದಾಟಲಿ, ಶಿವರಾತ್ರಿ ತನಕಾ ಥಂಡಿನೂ ದಾಟಲಿ. ಅಲ್ಲೀಮಟಾ ಕೂಸಿಗೆ ಒಂದ ಸರ್ತಿನೂ ಜ್ವರ ಬರಲಿಲ್ಲಂದ್ರ, ಬರೋ ಜೂನಿಗೆ ನೀ ಹೋಗಾಕ ನಂದೇನೂ ತಕರಾರಿಲ್ಲ. ಬಂತಂದ್ರ ಮಾತ್ರ ಟ್ರೇನಿಂಗಿನ ಹೆಸರು ಎತ್ತಬ್ಯಾಡ. ತಾಯಿ ಇಲ್ಲದ ಹೊತ್ತಿನ್ಯಾಗ ಕೂಸು ಹಾಸಿಗಿ ಹಿಡದ್ರ ಯಾರ ಜವಾಬದಾರಿ?" ಎಂದ. ವೈನಿ ಒಪ್ಪಿದಳು. ದಸರೆಯ ಹೊತ್ತಿಗೇ ಎರಡು ಒಳ್ಳೆಯ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಅಣ್ಣ ಕೆಟ್ಟವನಲ್ಲ, ಅವನು ಹೆದರಿದವನು. ಆರೋಗ್ಯ ಖಾತೆಯ ಗಾಡಿಯೊಂದು ಬಂದು, ಓಣಿಯ ಗೋಡೆಗೆ ಬಿಳಿಯ ಪರದೆ ಕಟ್ಟಿ, ನೊಣದ ಕಾಲನ್ನು ಬಾಳೆಯ ಗಿಡದಷ್ಟು ದೊಡ್ಡದು ಮಾಡಿ ತೋರಿಸಿ ಹೋದಂದಿನಿಂದ ಅವನ ಮನಸ್ಸಿಗೆ ನೆಮ್ಮದಿಯಿಲ್ಲ. ಅಂದಿನಿಂದ ನೀರು ಕಾಸಿ ಆರಿಸಿ ಸೋಸಿ ಕುಡಿಯುತ್ತಾನೆ, ಮನೆಗೆ ಬಂದವರ ಕೈಗೆ ನೀರಿಗಿಂತ ಮೊದಲು ಸಾಬಾನು ಕೊಡುತ್ತಾನೆ. ತಮ್ಮನ್ನು ಕೂಸಿನಿಂದ ದೂರವಿಡಲು ಅಂಗಳದ ನಡುವೆ ಸುಣ್ಣದ ಗೆರೆಯನ್ನೂ ಎಳೆದಿದ್ದ. ತಾವು ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶ್ರದ್ಧೆಯಿಂದ ನೆಕ್ಕಿ ಅಳಿಸಿದ್ದನ್ನೂ, ತಮ್ಮ ಹಿಂದಿನಿಂದ ಗುಡ್ಡವ್ವ ಅಂಬೆಗಾಲಿಟ್ಟು ಉಳಿದದ್ದನ್ನು ಪರೀಕ್ಷಿಸಿದ್ದನ್ನೂ ನಾನು ಮರೆಯಲಾರೆ.

ಇಷ್ಟೆಲ್ಲ ಎಚ್ಚರಿಕೆಯ ಫಲವಾಗಿ ನಮ್ಮ ಮನೆಯಲ್ಲಿ ಆ ವರ್ಷ ಕಾಯಿಲೆ ಬಿದ್ದವರು ಯಾರೆಂದರೆ ಸ್ವತಃ ಅಣ್ಣನೇ. ಅವನ ಮೂಗು ಧಾರವಾಡದ ಜುಲೈ ತಿಂಗಳಿನಂತೆ ಬಿಡದೆ ಜಿನುಗುತ್ತಿತ್ತು. ಮೂಗಿಗೆ ರುಮಾಲು ಹಿಡಿದುಕೊಂಡೇ ಅವನು ದಿನಾ ಸಂಜೆ ಕೂಸಿನ ಹಣೆ ಮುಟ್ಟಿ ನೋಡುವನು. ವೈನಿ ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅವನ ಮುಖ ನೋಡುವಳು. ಅವನು ಏನೂ ಹೇಳದೆ ಕೈ ತೊಳೆಯಲು ಹೋದರೆ ಮತ್ತೆ ರೊಟ್ಟಿಯ ಸದ್ದು ಕೇಳುತ್ತಿತ್ತು.

ಹೀಗೆ ಮಳೆ ಹೋಯಿತು, ದೀಪಾವಳಿ ಹೋಯಿತು, ಥಂಡಿ ಮುಗಿಯಲು ಬಂತು. ಶಿವರಾತ್ರಿಗೆ ಎರಡು ದಿನ ಉಳಿದಾಗ ತಾವು ಮಾಡಿದ ಘನಕಾರ್ಯವನ್ನು ಇಲ್ಲಿ ನೆನಪಿಸದೆ ಇರಲಾರೆ. ಅಂದು ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಾಗ ತಾವು ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಪವಡಿಸಿದ್ದಿರಿ. ತಮ್ಮ ಹೊಟ್ಟೆಗೆ ಒರಗಿ ಗುಡ್ಡವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅಣ್ಣ ಅವಳನ್ನು ಎತ್ತಿಕೊಂಡು ಹಣೆ ಮುಟ್ಟಿದವನೇ ನಿಂತುಬಿಟ್ಟ.

"ಕೆಂಡ ಆಗೇತಿ ಮೈ" ಎಂದ. "ನಾ ಬಡಕೊಂಡೆ, ಯಾರರೆ ಕೇಳಿದ್ರೇನು?"

ವೈನಿ ಹೊರಗೆ ಬಂದು ತಾನೂ ಮುಟ್ಟಿ ನೋಡಿದಳು. ಮುಖ ಸಣ್ಣದಾಯಿತು. ಒಳಗೆ ಹೋಗಿ, ಟ್ರಂಕು ತೆರೆದು, ಮಡಚಿಟ್ಟ ಎರಡೂ ಸೀರೆಗಳನ್ನು ತೆಗೆದು ಗೂಟಕ್ಕೆ ಹಾಕಿದಳು. ಅದನ್ನು ನೋಡಿ ನನ್ನ ಅವ್ವ ಅಕ್ಕವ್ವ, ಎಂದೂ ಮಾತಿಗೆ ಬಡವಿಯಾಗದವಳು, ಅಂದು ಮಾತ್ರ ಅಡಿಕೆ ಕುಟ್ಟುವುದನ್ನೂ ಬಿಟ್ಟು ಕುಳಿತಳು. ನನ್ನನ್ನು ಡಾಕ್ಟರರ ಕಡೆಗೆ ಓಡಿಸಿದರು.

ಡಾಕ್ಟರರು ಬಂದು ಕೂಸಿನ ಬಗಲಿಗೆ ಉಷ್ಣಮಾಪಕ ಇಟ್ಟು ಗಡಿಯಾರ ನೋಡುತ್ತಾ ನಿಂತರು. ತಾವು ಮೆಲುಕು ನಿಲ್ಲಿಸಿದಿರಿ. ಅವರು ಅದನ್ನು ತೆಗೆದು ಬೆಳಕಿಗೆ ಹಿಡಿದು, "ಜ್ವರಾ ಇಲ್ಲಲ್ರೀ. ಎಲ್ಲಿ ಮಲಗಿತ್ತು ಕೂಸು?" ಎಂದು ಕೇಳಿದರು.

"ಬಿಸಲಾಗ್ರಿ, ಆಡಿನ ಮಗ್ಗಲದಾಗ" ಎಂದಳು ಅವ್ವ.

"ಮತ್ತ ಇದು ಬಿಸಲಿಂದು, ಆಡಿಂದು ಕಾವು. ಇಷ್ಟೊತ್ತಿಗೆ ಆರೇತಿ, ಮುಟ್ಟಿ ನೋಡ್ರಿ."

ತಮ್ಮ ಒಡತಿ ಹುಸೇನಬಿ ಚಾಚಿ ಬಾಗಿಲಲ್ಲೇ ಕಾಯುತ್ತಿದ್ದಳು. "ನಮ್ಮ ಸಿತಾರಾನ್ನೂ ಒಂದೀಟು ಮುಟ್ಟಿ ನೋಡಪಾ ಗೋವಿಂದಪ್ಪಾ, ಆಕಿಗೂ ಔಷಧ ಬರಸೂಣು" ಎಂದಳು.

ಡಾಕ್ಟರರಿಗೆ ಕೂಸಿನ ಮೇಲೆ ಕುತೂಹಲ ಹುಟ್ಟಿತು. ಎಂದೂ ಜ್ವರ ಬಂದಿಲ್ಲವೆಂದರೆ ಏನು ಕೊಡುತ್ತೀರಿ ಎಂದು ಕೇಳಿದ್ದೇ ತಡ, ಎಲ್ಲರೂ ಒಮ್ಮೆಲೇ ಸಾಕ್ಷಿ ನುಡಿದರು. ಹುಟ್ಟಿದಂದಿನಿಂದ ಬಜಿಯ ಬೇರು ತೇದು ನೆಕ್ಕಿಸಿ ಎಣ್ಣೆ ಹಚ್ಚಿ ಎರೆದದ್ದು ತಾನೆಂದು ಅವ್ವ. ಕೊರಳಿಗೆ ತಾಯತ ಕಟ್ಟಿಸಿದ್ದು ತಾನೆಂದು ಚಾಚಿ. ನೀರು ಕಾಸಿದ್ದು ತಾನೆಂದು ಅಣ್ಣ, ನಡುವೆ ಸೀನುತ್ತಾ. ವೈನಿ ಮಾತ್ರ ಬಾಗಿಲ ಮರೆಯಿಂದ, "ಎರಡು ವರ್ಷಾ ಎದಿಹಾಲು ಕುಡಸೇನ್ರಿ" ಎಂದಳು. ತಮ್ಮ ಪರವಾಗಿ ಯಾರೂ ಮಾತಾಡಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಡಾಕ್ಟರರು ನಕ್ಕು ಹೇಳಿದ್ದು ಇಷ್ಟು: "ತಾಯಿ ಹಾಲು ಕುಡದೈತಿ, ಮೈಲಿಬ್ಯಾನಿಗೆ ಚುಚ್ಚಿಸೀರಿ, ಹೊಟ್ಟಿ ತುಂಬ ಉಣ್ಣತೈತಿ, ಬಯಲಾಗ ಆಡತೈತಿ, ಗಡದ್ದಾಗಿ ನಿದ್ದಿ ಮಾಡತೈತಿ. ಅದರ ಮ್ಯಾಲ ಕೆಲವು ಕೂಸು ಹುಟ್ಟಾ ಗಟ್ಟಿ ಇರತಾವ್ರಿ. ಯಾಕಂತ ನನಗೂ ಗೊತ್ತಿಲ್ಲ. ಇದನ್ನೆಲ್ಲಾ ಮಾಡೀನೂ ನನ್ನ ಮಗ ಹದಿನೈದು ದಿನಕ್ಕೊಮ್ಮೆ ಕೆಮ್ಮತಾನ. ನೀರು ಕಾಸೂದು ಬಿಡಬ್ಯಾಡ್ರಿ, ಅದು ಛಲೋ. ಈಗ ನೀವು ಇತ್ತ ಬರ್ರಿ ಗೋವಿಂದಪ್ಪ, ನಾಲಿಗಿ ತಗೀರಿ."

ಅಣ್ಣನ ಕೈಗೆ ಔಷಧದ ಬಾಟಲಿ ಬಂತು. ಆದರೂ ಅವನು ಬಾಟಲಿ ಹಿಡಿದುಕೊಂಡೇ, "ಶಿವರಾತ್ರಿಗೆ ಇನ್ನೂ ಎರಡು ದಿನಾ ಐತಿ" ಎಂದು ತೊದಲಿದ.

"ಆ ಎರಡು ದಿನಾ ಮೊದಲ ನೀ ದಾಟಿ ತೋರಸು" ಎಂದು ಅವ್ವ ಅಡಿಕೆ ಕುಟ್ಟತೊಡಗಿದಳು.

ಮಾತು ಕೊಟ್ಟವನು ಅಣ್ಣ, ಉಳಿಸಿಕೊಂಡ. ಈ ತಿಂಗಳು ವೈನಿಯ ಟ್ರಂಕನ್ನು ತಾನೇ ಹೆಗಲ ಮೇಲಿಟ್ಟುಕೊಂಡು ಸ್ಟೇಶನ್ನಿಗೆ ಹೋಗಿ, ಧಾರವಾಡದ ಗಾಡಿ ಹತ್ತಿಸಿ ಬಂದ. ಗಾಡಿ ಬಿಟ್ಟ ಮೇಲೂ ಅವನು ರುಮಾಲನ್ನು ಮೂಗಿನಿಂದ ತೆಗೆಯಲಿಲ್ಲ. ನೆಗಡಿಯೆಂದೇ ಹೇಳಿದ, ನಾವೂ ಹೌದೆಂದೆವು.

ಇನ್ನು ನನ್ನ ದುರವಸ್ಥೆಗೆ ಬರುತ್ತೇನೆ. ವೈನಿ ಹೋಗುವುದು ನಿಶ್ಚಯವಾದ ಸಂಜೆ, ಹಗಲೆಲ್ಲ ಕೂಸಿನ ಬೆನ್ನು ಹತ್ತುವವರು ಯಾರೆಂಬ ಪ್ರಶ್ನೆ ಎದ್ದಿತು; ಮನೆಯವರೆಲ್ಲರ ಕಣ್ಣುಗಳು, ಮ್ಯಾಟ್ರಿಕ್ ಮುಗಿಸಿ ನೌಕರಿಯ ದಾರಿ ಕಾಯುತ್ತಾ ಮೂಲೆಯಲ್ಲಿ ಕುಳಿತಿದ್ದ ಒಬ್ಬ ನಿರಪರಾಧಿಯ ಮೇಲೆ ಬಿದ್ದವು. ಆ ನಿರಪರಾಧಿ ಈ ಪತ್ರದ ಲೇಖಕ. ಅಂದಿನಿಂದ ನನಗೆ ಸಿನೆಮಾ ಇಲ್ಲ, ಚಹಾದಂಗಡಿಯ ಹರಟೆ ಇಲ್ಲ. ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಣಿಯ ತಿರುವಿಗೆ ಹೋದರೆ ಗೆಳೆಯರು ಎದ್ದು ನಿಂತು, "ಬರ್ರಿ ಆಯಾ, ಹಾಲಿನ ಬಾಟಲಿ ತಂದೀರಿಲ್ಲೋ?" ಎಂದು ಮರ್ಯಾದೆ ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ಗುಡ್ಡವ್ವ ನನ್ನನ್ನೂ ತಮ್ಮನ್ನೂ ಒಂದೇ ಧ್ವನಿಯಲ್ಲಿ "ಕಾಕಾ" ಎಂದು ಕರೆಯುವುದು, ಮತ್ತು ಕರೆದಾಗ ತಾವು ನನಗಿಂತ ಮೊದಲು ಹೋಗುವುದು.

ಕೂಸು ಆಗೀಗೊಮ್ಮೆಯಾದರೂ ಕಾಯಿಲೆ ಬಿದ್ದು ಮಲಗುವ ಜಾತಿಯದಾಗಿದ್ದರೆ ನನಗೂ ಒಂದು ದಿನ ಸೂಟಿ ಸಿಗುತ್ತಿತ್ತು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ತಿಂಗಳಿಗೊಮ್ಮೆ, ರವಿವಾರ ಬಿಟ್ಟು, ದಯವಿಟ್ಟು ಕೂಸಿಗೆ ಒಂದು ಸಣ್ಣ ನೆಗಡಿಯನ್ನು ಕಲಿಸಿಕೊಡಬೇಕು. ಹೆಚ್ಚಿನದು ಬೇಡ, ಮೂಗಿನ ಒಂದೇ ಹೊಳ್ಳೆಯದು, ಕೆಮ್ಮಿಲ್ಲದ್ದು, ಊಟ ಬಿಡಿಸದ್ದು, ಸಂಜೆಯೊಳಗೆ ಮುಗಿಯುವಂಥದ್ದು ಸಾಕು. ಇದು ತಮ್ಮ ಶೀಲಕ್ಕೆ ಒಗ್ಗದಿದ್ದರೆ, ಅಣ್ಣನನ್ನಾದರೂ ಶಿಷ್ಯನನ್ನಾಗಿ ಸ್ವೀಕರಿಸಿ, ಆಫೀಸಿನಿಂದ ಬಂದೊಡನೆ ತಮ್ಮ ಹೊಟ್ಟೆಗೆ ತಲೆಯಿಟ್ಟು ಮಲಗಲು ಅವಕಾಶ ಕೊಡಬೇಕು. ಅವನ ಸಾಬಾನಿನ ಖರ್ಚು ಉಳಿದರೆ ಅದರಲ್ಲಿ ತಮಗೆ ಹಿಂಡಿ ಕೊಡಿಸುವ ಭಾರ ನನ್ನದು. ಆರೋಗ್ಯ ಖಾತೆಯಲ್ಲಿ ಇನ್ಸ್‌ಪೆಕ್ಟರರ ಜಾಗ ಖಾಲಿಯಾದರೆ ತಾವು ಅರ್ಜಿ ಹಾಕುವುದನ್ನೂ ಮರೆಯಬಾರದು. ಯಾರ ಅಡಿಗೆಮನೆಗೂ ಹೇಳದೆ ಕೇಳದೆ ನುಗ್ಗಿ, ಕಂಡದ್ದನ್ನೆಲ್ಲ ತಿಂದು, ಯಾವ ವರದಿಯನ್ನೂ ಬರೆಯದೆ ಹಿಂತಿರುಗುವ ತಮಗಿಂತ ಅನುಭವಸ್ಥರು ಆ ಖಾತೆಗೆ ಸಿಗಲಾರರು.

ಇಷ್ಟಾಗಿಯೂ ತಮ್ಮ ಮೇಲೆ ನನಗೆ ದ್ವೇಷವಿಲ್ಲ. ನಿನ್ನೆ ಶನಿವಾರ ವೈನಿ ಬಂದಿದ್ದಳು. ಕೂಸು ಓಡಿಹೋಗಿ ತೊಡರಿಕೊಂಡಾಗ, ಆಕೆ ಹಣೆ ಮುಟ್ಟಿ ನೋಡಲಿಲ್ಲ. ಸುಮ್ಮನೆ ಎತ್ತಿಕೊಂಡು, ತಲೆ ಮೂಸಿ, "ಆಡಿನ ವಾಸನಿ" ಎಂದು ನಕ್ಕಳು. ಆ ನಗುವಿನಲ್ಲಿ ತಮ್ಮ ಪಾಲೆಷ್ಟು, ಬಜಿಯ ಪಾಲೆಷ್ಟು, ಕಾಸಿದ ನೀರಿನ ಪಾಲೆಷ್ಟು ಎಂಬುದನ್ನು ಡಾಕ್ಟರರೇ ಹೇಳಲಾರದೆ ಹೋದ ಮೇಲೆ ನಾನು ಯಾವ ಲೆಕ್ಕದವನು?

ತಮ್ಮ ಕೊಂಬಿನ ಅಳತೆಯಿಂದ ಎರಡು ಹೆಜ್ಜೆ ಆಚೆ ನಿಂತು ಮಾತ್ರ
ತಮ್ಮ ವಿಶ್ವಾಸಿಯಾದ,
ಉಡಚಪ್ಪ

ತಾ.ಕ.: ಈ ಪತ್ರ ಬಹಿರಂಗವಾದ್ದರಿಂದ ತಮ್ಮ ಗೂಟದ ಪಕ್ಕದ ಗೋಡೆಗೆ ಹಿಟ್ಟಿನ ಅಂಟು ಹಚ್ಚಿ ಅಂಟಿಸುವವನಿದ್ದೇನೆ. ಅಂಟಿನ ಆಸೆಗೆ ತಾವು ಯಾವ ಕಾಗದವನ್ನೂ ಕೆಳಗಿನ ತುದಿಯಿಂದಲೇ ತಿನ್ನಲು ಹಿಡಿಯುತ್ತೀರಿ, ಓಣಿಯ ಜನ ಓದಲು ಹಿಡಿಯುವುದು ಮೇಲಿನಿಂದ. ಅವರು ಇಲ್ಲಿಗೆ ಬಂದು ಮುಟ್ಟುವುದರೊಳಗೆ ಈ ಸಾಲು ತಮ್ಮ ಹೊಟ್ಟೆಯಲ್ಲಿರುತ್ತದೆ ಎಂಬ ಧೈರ್ಯದಿಂದ ಬರೆಯುತ್ತೇನೆ: ಆ ಸಂಜೆ ಯಾರ ಕಣ್ಣೂ ನನ್ನ ಮೇಲೆ ಬಿದ್ದಿರಲಿಲ್ಲ. ಅವ್ವ "ನಾ ಇದ್ದೇನಲ್ಲ, ನಾ ನೋಡಕೋತೇನಿ" ಎಂದು ಆಗಲೇ ಒಪ್ಪಿಕೊಂಡಿದ್ದಳು, ಅವಳ ಮಾತು ಮುಗಿಯುವ ಮೊದಲೇ ಎದ್ದು ನಿಂತು "ನೀ ಸುಮ್ಮಕಿರವ್ವಾ, ಕೂಸಿನ್ನ ನನಗ ಕೊಡ್ರಿ" ಎಂದು ಜಗಳಾಡಿ ಇಸಿದುಕೊಂಡವನು ನಾನೇ.