ಅಮ್ಮನನ್ನು ಕೆಳಗಿಳಿಸಿದ ಪ್ರಸಂಗ

"ನಮ್ಮಮ್ಮ ಏನು ಬೀರುವೇ, ನಾಲ್ಕು ಜನ ಹೊತ್ತು ಇಳಿಸೋಕೆ? ನಾನೊಬ್ಬನೇ ಎತ್ಕೊಂಡು ಇಳೀತೀನಿ!"

ವಾಚ್ ಮೇಷ್ಟ್ರು ಈ ಘೋಷಣೆ ಹೊರಡಿಸಿದ್ದು ಊಟದ ಮೇಜಿನ ಮುಂದೆ. ಮೂವತ್ತು ವರ್ಷದಿಂದ ಕೈಗಡಿಯಾರ ರಿಪೇರಿ ಮಾಡಿಕೊಂಡು ಬಂದ ಈ ಮಹಾಶಯರು ಜೀವಮಾನದಲ್ಲಿ ಎತ್ತಿದ ಅತಿ ಭಾರದ ವಸ್ತುವೆಂದರೆ ಒಂದು ಗೋಡೆ ಗಡಿಯಾರ. ಅದನ್ನೂ ಮೊಳೆಗೆ ತೂಗುಹಾಕಲು ಸ್ಟೂಲು ಹತ್ತಿದವಳು ಹೆಂಡತಿಯೇ.

ವಿಷಯ ಇಷ್ಟು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಂಡಿ ಸವೆದ ಅಮ್ಮ ಕೆಳಗಿಳಿದು ಏಳು ತಿಂಗಳಾಗಿತ್ತು. ದೂರದೂರಿನಲ್ಲಿದ್ದ ಅವರ ತಂಗಿ, ಅಂದರೆ ಮೇಷ್ಟ್ರ ಚಿಕ್ಕಮ್ಮ, ಆರು ವಾರ ಬಿಟ್ಟು ಒಂದು ಭಾನುವಾರ ಈ ದಾರಿಯಾಗಿ ಕಾರಿನಲ್ಲಿ ಹೋಗುವವರಿದ್ದರು. ಒಂದೇ ಗಂಟೆ ಬಿಡುವು. ಅವರ ಮಂಡಿಯೂ ಸವೆದಿತ್ತು. ಇವರು ಇಳಿಯುವ ಹಾಗಿಲ್ಲ, ಅವರು ಹತ್ತುವ ಹಾಗಿಲ್ಲ! ಅಕ್ಕತಂಗಿಯರು ಮುಖ ನೋಡಿಕೊಂಡು ಎರಡು ವರ್ಷವಾಗಿತ್ತು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹಿಡಿದು ಇಳಿಸೋಣ ಎಂದು ಹೆಂಡತಿ ಹೇಳಿದ್ದಕ್ಕೇ ಮೇಷ್ಟ್ರಿಗೆ ಪೌರುಷ ಉಕ್ಕಿದ್ದು. ಅದನ್ನು ಕೇಳಿ ಅಮ್ಮ ಬಾಯ್ತುಂಬ ನಕ್ಕರು. ಅಮ್ಮ ಹಾಗೆ ನಕ್ಕು ಬಹಳ ದಿನವಾಗಿತ್ತು. ಇನ್ನು ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಮರುದಿನವೇ ಮೇಷ್ಟ್ರು ಹಿಂದಿನ ಬೀದಿಯ ಜಿಮ್ಮಿಗೆ ಸೇರಿದರು. ಅಲ್ಲಿನ ತರಬೇತುದಾರನಿಗೆ ಎಲ್ಲರೂ ಕಂಬಣ್ಣ ಎನ್ನುತ್ತಿದ್ದರು, ನೋಡಿದರೆ ಕಾರಣ ಕೇಳಬೇಕಿರಲಿಲ್ಲ. ಅವನು ಕೊಟ್ಟ ಹತ್ತು ಕಿಲೋ ಸರಳನ್ನು ಮೇಷ್ಟ್ರು ನಾಲ್ಕು ಸಲ ಎತ್ತಿದರು. ಐದನೆಯ ಸಲಕ್ಕೆ ಎದುರಿನ ಕನ್ನಡಿ ತೂಗಾಡಿತು, ಕಿವಿ ಗುಂಯ್ ಎಂದಿತು, ಬೆಳಗಿನಿಂದ ತಿಂದದ್ದೆಲ್ಲ ಗಂಟಲಿನವರೆಗೆ ಬಂದು ಕ್ಷೇಮ ವಿಚಾರಿಸಿತು. ಕಂಬಣ್ಣ ಓಡಿಹೋಗಿ ಒಂದು ನೀಲಿ ಬಕೆಟ್ ತಂದ. ಎರಡನೆಯ ವಾರದ ಹೊತ್ತಿಗೆ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಸರಳಿಗೆ ಕೈ ಹಾಕಿದರೆ ಸಾಕು, ಹತ್ತಿರವಿದ್ದವರು ಬಕೆಟ್ಟನ್ನು ಕಾಲಲ್ಲೇ ಅವರತ್ತ ತಳ್ಳುತ್ತಿದ್ದರು.

ಹೆಂಡತಿ ಒಂದು ಗಂಟೆ ಮುಂಚೆ ಬ್ರೆಡ್ಡು, ಬಾಳೆಹಣ್ಣು ತಿನ್ನಿಸಿ ಕಳಿಸಿದಳು. ಅವು ಹೋದ ದಾರಿಯಲ್ಲೇ ವಾಪಸು ಬಂದವು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಇನ್ನೂ ಜೋರಾಗಿ ತಿರುಗಿತು. ಡಾಕ್ಟರು ರಕ್ತ, ಎದೆ, ಕಿವಿ ಎಲ್ಲ ತಪಾಸಣೆ ಮಾಡಿ, ಗುಂಡುಕಲ್ಲಿನ ಹಾಗಿದ್ದೀರಿ ಎಂದರು. ಗುಂಡುಕಲ್ಲಿಗೆ ತಲೆ ಸುತ್ತುತ್ತದೆಯೇ ಎಂದು ಕೇಳುವ ತ್ರಾಣವೂ ಮೇಷ್ಟ್ರಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ವಾರದಲ್ಲಿ ಒಂದು ಸಂಜೆ ಅವರು ಬಚ್ಚಲುಮನೆಯ ನೆಲದ ಮೇಲೆ ಕುಸಿದು ಕೂತಿದ್ದರು. ಪಕ್ಕದ ಕೋಣೆಯಲ್ಲಿ ಅಮ್ಮ ಭಾನುವಾರಕ್ಕೆ ಉಡುವ ಬಟ್ಟೆಗೆ ಎರಡನೆಯ ಸಲ ಇಸ್ತ್ರಿ ಹಾಕುತ್ತಿದ್ದರು. ಮೇಷ್ಟ್ರಿಗೆ ಅಳು ಬಂತು.

"ನನ್ನ ಕೈಲಿ ಆಗಲ್ಲ ಕಣೇ. ಅಮ್ಮಂಗೆ ನೀನೇ ಹೇಳಿಬಿಡು."

"ಮಾತು ಕೊಟ್ಟೋರು ನೀವು, ಹೇಳೋರೂ ನೀವೇ," ಎಂದು ಹೆಂಡತಿ ಟವೆಲು ಕೊಟ್ಟು ಹೋದಳು.

ಮೇಷ್ಟ್ರು ಹೇಳಲಿಲ್ಲ. ಹೇಳಲು ಮೂರು ಸಲ ಹೋದರು, ಮೂರು ಸಲವೂ ಅಮ್ಮ ತಂಗಿಯ ಮಾತು ತೆಗೆದರು.

ಆ ವಾರವೇ ಕಂಬಣ್ಣ ತನ್ನ ಕೈಗಡಿಯಾರ ಹಿಡಿದುಕೊಂಡು ಅಂಗಡಿಗೆ ಬಂದ. ಮೇಷ್ಟ್ರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಎತ್ತಿದರು. ನೋಡುತ್ತಾ ನಿಂತ ಕಂಬಣ್ಣನ ಮುಖ ಬಿಳಿಚಿಕೊಂಡಿತು.

"ಮೇಷ್ಟ್ರೇ, ನೀವು ಉಸಿರಾಡ್ತಾ ಇಲ್ಲ."

ಮೇಷ್ಟ್ರು ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂರಿಸಿ, ಒಂದು ನಿಟ್ಟುಸಿರು ಬಿಟ್ಟು, "ಕೆಲಸ ಮಾಡುವಾಗ ಯಾರಾದ್ರೂ ಉಸಿರಾಡ್ತಾರೇನಯ್ಯಾ?" ಎಂದರು.

ಅಲ್ಲಿತ್ತು ರೋಗದ ಮೂಲ. ಉಸಿರು ತಾಗಿದರೆ ಸ್ಪ್ರಿಂಗ್ ಹಾರಿಹೋಗುತ್ತದೆಂದು ಗುರುಗಳು ತಲೆಗೆ ಮೊಟಕಿ ಮೊಟಕಿ ಕಲಿಸಿದ ವಿದ್ಯೆ ಅದು. ಕೈ ಗಂಭೀರವಾದ ಕೆಲಸಕ್ಕೆ ಇಳಿದ ಕೂಡಲೇ ಮೇಷ್ಟ್ರ ಮೂಗು ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಉಸಿರು ಕಟ್ಟಿ ಭಾರ ಎತ್ತಿದರೆ ತಲೆ ಸುತ್ತದೆ ಇನ್ನೇನಾದೀತು? ಗಟ್ಟಿಯಾಗಿ ಎಣಿಸುತ್ತಾ ಎತ್ತಬೇಕು, ಎಣಿಸುವ ಬಾಯಿ ಉಸಿರು ಕಟ್ಟಲಾರದು ಎಂದು ಕಂಬಣ್ಣ ಮದ್ದು ಹೇಳಿಕೊಟ್ಟ. ಎರಡೇ ವಾರ! ಮೇಷ್ಟ್ರು ಜಿಮ್ಮು ಅದುರುವಂತೆ ಎಣಿಸುತ್ತಾ ನಲವತ್ತೈದು ಕಿಲೋ ಎತ್ತಿದರು. ಅಮ್ಮನ ತೂಕ ನಲವತ್ತಮೂರು. ನೀಲಿ ಬಕೆಟ್ಟು ನೆಲ ಒರೆಸುವ ಕೆಲಸಕ್ಕೆ ಮರಳಿತು.

ಭಾನುವಾರ ಬಂತು. ಹೆಂಡತಿ ಕಾರಿಗೆ ಜಾಗ ತೋರಿಸಲು ಕೆಳಗಿಳಿದಳು. ಮೇಷ್ಟ್ರು ಬಾಗಿ ಅಮ್ಮನನ್ನು ಎರಡೂ ತೋಳಲ್ಲಿ ಎತ್ತಿಕೊಂಡು, "ಒಂದು, ಎರಡು, ಮೂರು" ಎಂದು ಗರ್ಜಿಸುತ್ತಾ ಮೆಟ್ಟಿಲಿಳಿದರು. ಎಂಟಕ್ಕೆ ಬರುವಷ್ಟರಲ್ಲಿ ಅಮ್ಮ, "ಕಿರುಚಬೇಡ ಕಣೋ, ಭಯ ಆಗುತ್ತೆ," ಎಂದು ಅವರ ಕುತ್ತಿಗೆಗೆ ಕೈ ಹಾಕಿಕೊಂಡರು. ಮೇಷ್ಟ್ರು ಸುಮ್ಮನಾದರು. ಆ ಕೈ ಎಷ್ಟು ಹಗುರ, ಮಣಿಕಟ್ಟಿನ ಮೂಳೆ ಎಷ್ಟು ಸಣ್ಣದು! ಮೂವತ್ತು ವರ್ಷದಲ್ಲಿ ಇಷ್ಟು ನಾಜೂಕಾದದ್ದು ಅವರ ಕೈಗೆ ಬಂದಿರಲಿಲ್ಲ. ಎಲ್ಲಿ ಏನಾಗಿಬಿಡುತ್ತದೋ ಎಂದು ಜೀವ ಹಿಡಿಯಾಯಿತು, ಜೊತೆಗೆ ಉಸಿರೂ ನಿಂತಿತು.

ಎರಡನೆಯ ಮಹಡಿಯಲ್ಲಿ ಗೋಡೆ ವಾಲಿತು. ಅಮ್ಮನನ್ನು ಮೆಲ್ಲಗೆ ಮೆಟ್ಟಿಲ ಮೇಲೆ ಕೂರಿಸುವಷ್ಟು ಎಚ್ಚರ ಮೇಷ್ಟ್ರಿಗಿತ್ತು. ಅದಾದ ಮೇಲೆ ಇರಲಿಲ್ಲ.

ಕಣ್ಣು ಬಿಟ್ಟಾಗ ಹೆಂಡತಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

"ಅಮ್ಮ ಎಲ್ಲೇ?"

"ಕೆಳಗೆ, ಚಿಕ್ಕಮ್ಮನ ಹತ್ರ."

"ಯಾರು ಎತ್ಕೊಂಡು ಹೋದ್ರು?"

"ಯಾರೂ ಇಲ್ಲ. ನೀವು ಬಿದ್ರಿ ಅಂತ ಕೂಗಿದ್ರಂತೆ, ನಮಗೆ ಕೇಳಿಸ್ಲಿಲ್ಲ. ಒಂದೊಂದೇ ಮೆಟ್ಟಿಲು ಕೂತ್ಕೊಂಡು ಜಾರ್ತಾ ಬಂದುಬಿಟ್ರು. ಆ ಬಟ್ಟೆ ನೋಡಬೇಕು, ಹಿಂದೆಲ್ಲ ಬರೀ ಧೂಳು."

ಮೇಷ್ಟ್ರು ಹೆಂಡತಿಯ ಹೆಗಲು ಹಿಡಿದು ಕೆಳಗಿಳಿದರು. ಅಕ್ಕತಂಗಿ ಕಾರಿನ ಹಿಂದಿನ ಸೀಟಿನಲ್ಲಿ ಕೈಕೈ ಹಿಡಿದು ಕೂತಿದ್ದರು, ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಅಮ್ಮ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ತಂಗಿಯ ಕಡೆ ತಿರುಗಿದರು.

"ಮುಂದಿನ ಸಲ ನಾನೊಬ್ಬಳೇ ಇಳಿದು ಬರ್ತೀನಿ ಕಣೇ. ಇವನನ್ನೂ ಇಳಿಸ್ಕೊಂಡು ಬರೋದು ಅಂದ್ರೆ ನನ್ನ ಮಂಡಿಗೆ ಆಗಲ್ಲ."