ಲಿಫ್ಟಿಗೊಂದು ಕ್ರಿಯಾಪದ

ತಪ್ಪೆಲ್ಲ ಒಂದು ನೋಟೀಸಿನದು. ಅದನ್ನು ಬರೆದವನು ಆ ಕಟ್ಟಡದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ದೊಡ್ಡ ಪದವಿಯೇನಲ್ಲ; ಸಭೆಗೆ ತಡವಾಗಿ ಬಂದವನ ಕೊರಳಿಗೆ ಕಟ್ಟುವ ಗಂಟೆ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಈ ಮನುಷ್ಯ ಅಂದು ರಜೆ ಹಾಕಿ, ಬೆಳಿಗ್ಗೆಯೇ ನೆಲಮಹಡಿಯ ಬೋರ್ಡಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಅಂಟಿಸಿದ: ಹೊಸ ಲಿಫ್ಟು ಇಂದು ಸ್ಟಾರ್ಟ್ ಆಗುತ್ತದೆ.

ರಜೆ ಹಾಕಲು ಕಾರಣವಿತ್ತು. ನಾಲ್ಕು ತಿಂಗಳ ಹಿಂದೆ ಅವನ ಅತ್ತೆ ತಮ್ಮ ಮಗಳನ್ನು ನೋಡಿಹೋಗಲು ಬಂದಿದ್ದರು. ಮಂಡಿನೋವಿನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಹಮಾಲರ ಜೊತೆ ಅಳಿಯನೂ ಕೈಜೋಡಿಸಿ ನಾಲ್ಕನೇ ಮಹಡಿಗೆ ಹೊತ್ತಿದ್ದ. ಒಂದು ತಿರುವಿನಲ್ಲಿ ಕುರ್ಚಿ ವಾಲಿತು. ಅಂದೇ ಅತ್ತೆ ಸಾರಿಬಿಟ್ಟರು: "ಇಳಿಯೋದಾದ್ರೆ ಲಿಫ್ಟಲ್ಲೇ ಇಳೀತೀನಿ. ಅಲ್ಲೀವರೆಗೂ ಇಲ್ಲಿಂದ ಜಗ್ಗಲ್ಲ."

ಜಗ್ಗಲಿಲ್ಲ. ಮನೆಯಲ್ಲಿದ್ದ ಒಂದೇ ಮಂಚ ತಾಯಿ ಮಗಳ ಪಾಲಾಯಿತು. ಅಳಿಯ ಹಜಾರದ ಚಾಪೆಗೆ ಇಳಿದ, ಸೊಂಟ ಹಿಡಿಯಿತು. ಅತ್ತೆ ಒಳ್ಳೆಯವರೇ. ಆದರೆ ಅವರ ಒಳ್ಳೆಯತನವನ್ನು ಹಾಸಿಕೊಂಡು ಮಲಗಲಾಗುತ್ತದೆಯೇ?

ನೋಟೀಸು ಅಂಟಿಸಿದ ದಿನ ಸಂಜೆ ಐದರ ರೈಲಿಗೆ ಅತ್ತೆಗೆ ಟಿಕೆಟ್ಟಾಗಿತ್ತು. ಅದೇ ಊರಿನಲ್ಲಿ ಇನ್ನೊಬ್ಬ ನೆಂಟರ ಮನೆಗೆ ಬಂದಿದ್ದ ಅತ್ತೆಯ ಅಕ್ಕ, ಅಂದರೆ ದೊಡ್ಡತ್ತೆ, ನೇರ ಸ್ಟೇಷನ್ನಿಗೆ ಬರುವುದು, ಅಕ್ಕತಂಗಿ ಜೊತೆಯಾಗಿ ಹೊರಡುವುದು ಎಂದು ಮಾತಾಗಿತ್ತು. ಅತ್ತೆ ತಿಂಡಿ ಮುಗಿಸಿದವರೇ ಟ್ರಂಕನ್ನು ಹೊರಗೆ ಎಳೆಸಿ, ಲಿಫ್ಟಿನ ಬಾಗಿಲ ಮುಂದೆ ಅದರ ಮೇಲೆ ಕೂತರು. ರಾತ್ರಿ ಮಂಚದ ಮೇಲೆ ಕೈಕಾಲು ಚಾಚುವುದನ್ನು ನೆನೆದೇ ಅಳಿಯನಿಗೆ ಆಕಳಿಕೆ ಬಂತು.

ಆದರೆ ಆ ಕಟ್ಟಡದಲ್ಲೊಂದು ಪದ್ಧತಿಯಿತ್ತು. ಕಾರ್ಯದರ್ಶಿಯೂ ಸೇರಿ ಸಮಿತಿಯ ಐವರ ಸಹಿಯಿರುವ ಇಂಗ್ಲಿಷ್ ನೋಟೀಸು ಬೋರ್ಡಿಗೆ ಬೀಳದ ಹೊರತು ಅಲ್ಲಿ ಏನೂ ನಡೆಯುವಂತಿರಲಿಲ್ಲ. ಹಿಂದೊಮ್ಮೆ ನೀರಿನ ಟ್ಯಾಂಕು ಒಡೆದಾಗಲೂ ಸಹಿ ಮುಗಿಯುವವರೆಗೆ ನೀರು ಹರಿಯುತ್ತಲೇ ಇತ್ತು, ಜನ ನೋಡುತ್ತಲೇ ಇದ್ದರು.

"ಐದು ಸಹಿ ಬೀಳದೆ ಚಾವಿ ತಿರುಗಿಸಬೇಡ ಅಂತ ನೆಲಮಹಡಿ ಡಾಕ್ಟರಮ್ಮ ಹೇಳಿದ್ದಾರೆ," ಎಂದು ಲಿಫ್ಟಿನ ಮೆಕ್ಯಾನಿಕ್ ಲಿಫ್ಟಿನೊಳಗೇ ಕಾಲುಚಾಚಿ ಕೂತ.

ಕಾರ್ಯದರ್ಶಿ ನೋಟೀಸನ್ನು ಕಿತ್ತುಕೊಂಡು ಎರಡನೇ ಮಹಡಿಯ ಇಂಗ್ಲಿಷ್ ಮೇಷ್ಟ್ರ ಬಾಗಿಲು ತಟ್ಟಿದ. ನಿವೃತ್ತರಾದ ಮೇಲೆ ಅವರಿಗೆ ತಿದ್ದಲು ಏನೂ ಸಿಕ್ಕಿರಲಿಲ್ಲ. ಹಸಿದವನಿಗೆ ಹಬ್ಬದೂಟ ಸಿಕ್ಕಂತಾಯಿತು.

"ಸ್ಟಾರ್ಟಾ? ಏನಪ್ಪಾ ಇದು! ಸ್ಟಾರ್ಟ್ ಅಂದ್ರೆ ಗಕ್ಕನೆ ಹೊರಡೋದು. ಒದ್ದರೆ ಹಳೇ ಸ್ಕೂಟರ್ ಸ್ಟಾರ್ಟ್ ಆಗುತ್ತಲ್ಲ, ಹಾಗೆ. ಒಳಗೆ ವಯಸ್ಸಾದೋರು ನಿಂತಿರ್ತಾರೆ. ಬಿಗಿನ್ ಅನ್ನು. ಬೆಳಕು ಹರಿದ ಹಾಗೆ, ನಯವಾಗಿ."

"ಅರ್ಥ ಒಂದೇ ಅಲ್ವಾ ಸಾರ್?"

"ಒಂದೇನಾ? ನಿಮ್ಮನೇಲಿ ಸ್ಕೂಟರ್ ಬಿಗಿನ್ ಆಗುತ್ತಾ?"

"ನಮ್ಮನೇಲಿ ಸ್ಕೂಟರೇ ಇಲ್ಲ ಸಾರ್," ಎಂದು ಕಾರ್ಯದರ್ಶಿ ತಿದ್ದಿ ಬರೆದ. ಸಹಿ ಬಿತ್ತು.

ಮೂರನೇ ಮಹಡಿಯ ವಕೀಲರು ಓದಿ ಮೂಗು ಮುರಿದರು. "ಬಿಗಿನ್ ಅಂದ್ರೆ ಅಜ್ಜಿ ಕತೆ. ಒಂದೂರಲ್ಲಿ ಒಬ್ಬ ರಾಜ ಇದ್ದ ಅಂತ ಬಿಗಿನ್ ಆಗುತ್ತೆ. ಇದು ಯಂತ್ರ. ಒಂದು ವರ್ಷ ಗ್ಯಾರಂಟಿ ಇದೆ. ಯಾವತ್ತಿಂದ ಲೆಕ್ಕ? ಕಮೆನ್ಸ್ ಅಂತ ಹಾಕ್ರೀ. ಕೋರ್ಟಲ್ಲಿ ನಿಲ್ಲೋದು ಅದೊಂದೇ."

ಹಾಕಿದ. ವಕೀಲರ ಸಹಿಯೂ ಬಿತ್ತು. ಆದರೆ ಪದ ಬದಲಾದ ಮೇಲೆ ಮೇಷ್ಟ್ರ ಸಹಿ ಹಳೆಯ ಪದಕ್ಕಾಗುತ್ತದೆ, ಮತ್ತೆ ಹಾಕಿಸಿಕೊಂಡು ಬರಬೇಕು ಎಂದು ಅವರೇ ಕಾನೂನು ಹೇಳಿದರು. ಕಾರ್ಯದರ್ಶಿ ಇಳಿದ.

"ಕಮೆನ್ಸ್ ಅಂದ್ರೆ ಕೋಟು ಹಾಕ್ಕೊಂಡ ಬಿಗಿನ್," ಎಂದರು ಮೇಷ್ಟ್ರು. "ಪರೀಕ್ಷೆಗೆ ಸರಿ, ನಾಲ್ಕು ಮಹಡಿಗೆ ಯಾಕೆ ಅಷ್ಟು ಬಿಗುಮಾನ?" ಒಲ್ಲದ ಮನಸ್ಸಿನಿಂದ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ ಸಹಿ ಹಾಕಿದರು.

ಮೊದಲನೇ ಮಹಡಿಯಲ್ಲಿ ವಿಮೆ ಏಜೆಂಟ್ ಕಾಗದವನ್ನು ದೂರ ಹಿಡಿದು ನೋಡಿದ. "ಇದನ್ನ ಓದಿದ್ರೆ ಯಾರೋ ಹೋಗಿಬಿಟ್ರು ಅನ್ನಿಸುತ್ತೆ. ಒಂದು ಜೋಶ್ ಬೇಡ್ವಾ? ಲಾಂಚ್ ಅನ್ನಿ ಸಾರ್. ಎಲ್ಲಾ ಕಂಪನಿಯೋರೂ ಈಗ ಲಾಂಚೇ ಮಾಡೋದು."

ಮಾತು ಮೆಟ್ಟಿಲಿಗೆ ಬಂತು. ಮೇಷ್ಟ್ರು ಮೇಲಿನಿಂದಲೇ ಕೂಗಿದರು: "ಲಾಂಚ್ ಮಾಡೋದು ಹಡಗನ್ನ, ರಾಕೆಟ್ಟನ್ನ! ತಳ್ಳಿದ ಮೇಲೆ ಅದರ ಪಾಡು ಅದಕ್ಕೆ. ನಮ್ಮ ಲಿಫ್ಟು ವಾಪಸ್ ಬರೋದು ಬೇಡ್ವೇನಯ್ಯಾ?"

"ಹಾಗಾದ್ರೆ ಇನಿಷಿಯೇಟ್!" ಎಂದ ಏಜೆಂಟ್.

"ಅದು ಶುರು ಹಚ್ಚಿ ಕೈತೊಳ್ಕೊಳ್ಳೋರ ಮಾತು," ಎಂದರು ಮೇಷ್ಟ್ರು. " ಮುಂದಿನದ್ದೆಲ್ಲ ಬೇರೆಯೋರು ಮಾಡಬೇಕು."

"ಹಾಗಿದ್ರೆ ನಮ್ಮ ಸಮಿತಿಗೆ ಹೇಳಿಮಾಡಿಸಿದ ಪದ," ಎಂದು ವಕೀಲರು ಮೊದಲ ಬಾರಿಗೆ ಏಜೆಂಟನ ಪಕ್ಷ ಸೇರಿದರು.

ಗದ್ದಲ ಕೇಳಿ ನೆಲಮಹಡಿಯಿಂದ ಹಲ್ಲಿನ ಡಾಕ್ಟರಮ್ಮ ಹೊರಬಂದರು. ಅವರು ಸಮಿತಿಯ ಅಧ್ಯಕ್ಷೆ. ಲಿಫ್ಟಿನ ಅಗತ್ಯವೇ ಇಲ್ಲದ್ದರಿಂದ ಅದರ ಬಗ್ಗೆ ಅತಿ ಹೆಚ್ಚು ಅಭಿಪ್ರಾಯಗಳಿದ್ದವು. "ರಿಬ್ಬನ್ ಕತ್ತರಿಸೋದು ನಾನು ತಾನೇ? ಇನಾಗರೇಟ್ ಅಂತ ಇಲ್ಲದಿದ್ರೆ ನಾನ್ಯಾಕೆ ಬರಲಿ, ಬಟನ್ ಒತ್ತೋಕೆ ಯಾರಾದ್ರೂ ಸಾಕಲ್ಲ?"

"ಇನಾಗರೇಟ್ ಮಾಡಿದ್ರೆ ಓಡಲೇಬೇಕು ಅಂತೇನಿಲ್ಲ ಮೇಡಂ," ಎಂದರು ಮೇಷ್ಟ್ರು. "ಮೂಲೆ ವಾಚನಾಲಯ ಮೂರು ಸಲ ಇನಾಗರೇಟ್ ಆಗಿದೆ. ಬೀಗ ಇನ್ನೂ ತೆಗೆದಿಲ್ಲ."

ಮಧ್ಯಾಹ್ನವಾಯಿತು. ಊಟ ಮಾಡಿಕೊಂಡು ಬಂದು ಜಗಳ ಮುಂದುವರಿಸಿದರು. ಒಂದೊಂದು ಪದಕ್ಕೂ ಕಾರ್ಯದರ್ಶಿ ಹೊಸ ಕಾಗದ ಹಿಡಿದು ಹತ್ತಿದ, ಇಳಿದ. ಕಾಲು ಮರಗಟ್ಟಿದವು. ಅಷ್ಟು ಹೊತ್ತೂ ಲಿಫ್ಟು ನೆಲಮಹಡಿಯಲ್ಲಿ ದೀಪ ಹಾಕಿಕೊಂಡು ನಿಂತಿತ್ತು. ಒಳಗೆ ಮೆಕ್ಯಾನಿಕ್ ಗೊರಕೆ ಹೊಡೆಯುತ್ತಿದ್ದ.

"ಅಳಿಯಂದಿರೇ, ಅಕ್ಕ ಸ್ಟೇಷನ್ನಿಂದ ಫೋನ್ ಮಾಡಿದ್ಲು. ಏನು ಹೇಳ್ಲಿ?" ಎಂದು ಅತ್ತೆ ನಾಲ್ಕನೇ ಮಹಡಿಯಿಂದ ಕೇಳಿದರು.

"ಹೊರಟಿದ್ದೀನಿ ಅನ್ನಿ!"

"ಎಲ್ಲಿ ಹೊರಟಿದ್ದೀನಿ? ಟ್ರಂಕಿನ ಮೇಲೆ ಕೂತಿದ್ದೀನಿ."

ಕಾರ್ಯದರ್ಶಿಗೆ ಅಳು ಬರುವಂತಾಯಿತು. ಅಳುವಿನ ಬದಲು ಅವನಿಗೊಂದು ಉಪಾಯ ಬಂತು. ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಕಾಗದವಿಟ್ಟು, ಎಲ್ಲ ಪದಗಳನ್ನೂ ಒಂದೇ ಸಾಲಿಗೆ ತುರುಕಿದ: ಈ ಲಿಫ್ಟನ್ನು ಇಂದು ಇನಾಗರೇಟ್ ಮಾಡಿ, ಇನಿಷಿಯೇಟ್ ಮಾಡಿ, ಲಾಂಚ್ ಮಾಡಿ, ಕಮೆನ್ಸ್ ಮಾಡಲಾಗಿದ್ದು, ಅದು ಬಿಗಿನ್ ಆಗಿ ಸ್ಟಾರ್ಟ್ ಆಗುತ್ತದೆ.

ಪ್ರತಿಯೊಬ್ಬರೂ ಓದಿದರು. ಪ್ರತಿಯೊಬ್ಬರಿಗೂ ತಮ್ಮ ಪದವೊಂದೇ ಕಂಡಿತು. "ಕೊನೆಗೂ ಬುದ್ಧಿ ಬಂತಲ್ಲ!" ಎಂದು ಐದು ನಿಮಿಷದಲ್ಲಿ ಎಲ್ಲರೂ ಸಹಿ ಹಾಕಿದರು. ಆಮೇಲೆ ರಿಬ್ಬನ್ ಸಿಕ್ಕಿತು, ಕತ್ತರಿ ಸಿಗಲಿಲ್ಲ. ಕತ್ತರಿ ಬಂದ ಮೇಲೆ ಡಾಕ್ಟರಮ್ಮ ಎರಡು ಮಾತಾಡುತ್ತೇನೆಂದು ಹಲ್ಲುಜ್ಜುವ ಕ್ರಮದವರೆಗೂ ಮಾತಾಡಿದರು. ಚಾವಿ ತಿರುಗಿದಾಗ ಐದೂವರೆ ದಾಟಿತ್ತು. ಆ ರೈಲು ಹುಟ್ಟಿದಾರಭ್ಯ ಹೊತ್ತಿಗೆ ಸರಿಯಾಗಿ ಹೊರಟದ್ದಿಲ್ಲ ಎಂಬ ಒಂದೇ ಧೈರ್ಯದಿಂದ ಕಾರ್ಯದರ್ಶಿ ಲಿಫ್ಟಿನಲ್ಲಿ ಮೇಲೇರಿ, ಅತ್ತೆಯನ್ನೂ ಟ್ರಂಕನ್ನೂ ಒಳಗೆ ತುಂಬಿಕೊಂಡ.

ಲಿಫ್ಟು ಬೆಣ್ಣೆಯಂತೆ ಇಳಿಯಿತು. "ಆಹಾ, ಹೊಟ್ಟೇಲಿರೋ ನೀರೂ ಅಲ್ಲಾಡಲಿಲ್ಲ!" ಎಂದರು ಅತ್ತೆ. ನೆಲಮಹಡಿಯಲ್ಲಿ ಬಾಗಿಲು ತೆರೆಯಿತು.

ಎದುರಿಗೆ ದೊಡ್ಡತ್ತೆ ನಿಂತಿದ್ದರು. ಜೊತೆಗೆ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ.

"ಇವತ್ತೊಂದಿನ ರೈಲು ಗಂಟೆ ಹೊಡೆದ ಹಾಗೆ ಹೊರಟೋಯ್ತು ಕಣೇ. ನಿನ್ನ ಬಿಟ್ಟು ಹೇಗೆ ಹತ್ತಲಿ? ಟ್ಯಾಕ್ಸಿ ಮಾಡ್ಕೊಂಡು ಬಂದೆ." ಹಾಗೆಂದವರು ಕತ್ತು ಚಾಚಿ ಒಳಗೆ ನೋಡಿದರು. "ಅಯ್ಯೋ, ಲಿಫ್ಟು! ಮೆಟ್ಟಿಲಿಗೆ ಹೆದರಿ ಇಷ್ಟು ವರ್ಷ ನಿನ್ನ ಮಗಳ ಮನೆ ನೋಡದೆ ಇದ್ನಲ್ಲೇ!"

"ಬಾ ಅಕ್ಕ, ಒಂದ್ಸಲ ಹತ್ತಿ ನೋಡು," ಎಂದು ತಂಗಿ ಕೈಹಿಡಿದು ಒಳಗೆಳೆದುಕೊಂಡರು. ಸಾಮಾನೂ ಒಳಗೆ ಬಂತು. ಜಾಗ ಸಾಲದೆ ಕಾರ್ಯದರ್ಶಿ ಹೊರಗೆ ಬಂದ.

"ನಾಳೆ ಬೆಳಿಗ್ಗೆನೂ ಒಂದು ರೈಲಿದೆ," ಎಂದ, ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ಮುಖವಿಟ್ಟು.

"ಅವಸರ ಏನಪ್ಪಾ?" ದೊಡ್ಡತ್ತೆ ನಕ್ಕರು. "ಇನ್ಮೇಲೆ ಯಾವಾಗ ಬೇಕಾದ್ರೂ ಇಳೀಬಹುದಲ್ಲ."

ಕಾರ್ಯದರ್ಶಿ ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ದೊಡ್ಡತ್ತೆಯ ಹಾಸಿಗೆ ಹಜಾರದ ಉದ್ದಕ್ಕೂ ಬಿಚ್ಚಿಕೊಂಡಿತ್ತು. ಹೆಂಡತಿ ಅವನ ಚಾಪೆಯನ್ನು ಕಂಕುಳಲ್ಲಿ ಹಿಡಿದು, ಅಡುಗೆಮನೆಯಲ್ಲಿ ಒಲೆಕಟ್ಟೆಗೂ ನೀರಿನ ಡ್ರಮ್ಮಿಗೂ ನಡುವೆ ಅದು ಹಿಡಿಸುತ್ತದೆಯೇ ಎಂದು ನೋಡುತ್ತಿದ್ದಳು.